ಪರಿಮಳದ ಸೊಪ್ಪಿಗೆ ಮುಚ್ಚಳ ಬೇಕು

ಕೇಳುಗ ಮಿತ್ರರಿಗೆ ನಮಸ್ಕಾರ.

ಮಳೆ ಹಿಡಿದಿದೆ. ಯಾರ ಮನೆಗೆ ಹೋದರೂ ಒಬ್ಬರಲ್ಲ ಒಬ್ಬರು ಸೀನುತ್ತಿದ್ದಾರೆ, ಒಲೆಯ ಮೇಲೆ ಕಷಾಯ ಕುದಿಯುತ್ತಿದೆ. ತುಳಸಿ, ದೊಡ್ಡಪತ್ರೆ, ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲು, ಲಾವಂಚ, ದವನ, ಹೀಗೆ ನಮ್ಮ ಹಿತ್ತಲಿನ ಪರಿಮಳದ ಗಿಡಗಳ ಬಗ್ಗೆ ಮಾತನಾಡಬೇಕೆಂದು ರೇಡಿಯೊದವರು ಕೇಳಿದಾಗ ನನಗೆ ತುಂಬ ಸಂತೋಷವಾಯಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ ಕಾಲದಿಂದಲೂ ನನಗೆ ಇವುಗಳ ಮೇಲೆ ಅಕ್ಕರೆ. ಈಗ ಕೇಳುತ್ತಿರುವವರಲ್ಲಿ ಅರ್ಧದಷ್ಟು ಜನ ಅಡುಗೆಮನೆಯಲ್ಲೇ ಇದ್ದೀರಿ ಎಂದು ಭಾವಿಸಿ ಮಾತನಾಡುತ್ತೇನೆ. ಕೈಗೆಟುಕುವ ಹಾಗೆ ಒಂದು ಮುಚ್ಚಳ ಇಟ್ಟುಕೊಳ್ಳಿ. ನಾನು ಹೇಳಬೇಕಾದದ್ದೆಲ್ಲ ಅದರ ಸುತ್ತಲೇ ಇದೆ.

ತುಳಸಿ ಕಷಾಯ ಕುದಿಯುವಾಗ ಮನೆಯೆಲ್ಲ ಘಮ್ಮೆನ್ನುತ್ತದೆ. ಅದನ್ನು ಕಂಡು ಸಂತೋಷಪಡುತ್ತೇವೆ. ಸಂತೋಷಪಡಬೇಡಿ. ಹಜಾರದವರೆಗೆ ಬಂದ ಆ ಘಮ ಪಾತ್ರೆಯಿಂದ ಹೊರಟುಹೋದ ಘಮ. ಪರಿಮಳದ ಸೊಪ್ಪಿನಲ್ಲಿ ನಮಗೆ ಬೇಕಾದದ್ದು ಆ ಪರಿಮಳವೇ. ಅದು ಗಾಳಿಗೆ ಹೋದ ಮೇಲೆ ಲೋಟದಲ್ಲಿ ಉಳಿಯುವುದು ಹಸಿರು ಬಣ್ಣದ ಬಿಸಿನೀರು.

ಹಿತ್ತಲಲ್ಲಿ ದೊಡ್ಡಪತ್ರೆ ಇದ್ದರೆ ಒಂದು ಎಲೆ ಕಿತ್ತು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೆಲವರು ಇದನ್ನು ಸಾಂಬ್ರಾಣಿ ಸೊಪ್ಪು ಎನ್ನುತ್ತಾರೆ, ಕೆಲವರು ಕರ್ಪೂರವಳ್ಳಿ ಎನ್ನುತ್ತಾರೆ, ಗಿಡ ಒಂದೇ. ದಪ್ಪ ಎಲೆ, ಗರಗಸದಂಥ ಅಂಚು, ಮೈಯೆಲ್ಲ ನವಿರಾದ ರೋಮ. ಆ ರೋಮಗಳಲ್ಲಿ ಕೆಲವುಗಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲವಿದೆ, ಚೀಲದೊಳಗೆ ಎಣ್ಣೆ ಇದೆ. ಬೆರಳು ತಾಗಿದರೆ ಸಾಕು, ಚೀಲ ಒಡೆಯುತ್ತದೆ. ಮೂಗಿಗೆ ಓಮದ ವಾಸನೆ ಬರುತ್ತದೆ. ಓಮದ ವಾಸನೆಯೇ ಏಕೆಂದರೆ, ಓಮದ ಕಾಳಿನಲ್ಲಿರುವ ಥೈಮಾಲ್ ಎಂಬ ವಸ್ತು ಮತ್ತು ಅದರ ಹತ್ತಿರದ ಸಂಬಂಧಿಯಾದ ಕಾರ್ವಕ್ರಾಲ್ ದೊಡ್ಡಪತ್ರೆಯಲ್ಲೂ ಇವೆ. ಥೈಮಾಲ್ ರೋಗಾಣುಗಳನ್ನು ಕೊಲ್ಲಬಲ್ಲದು. ಬಾಯಿ ಮುಕ್ಕಳಿಸುವ ಔಷಧಗಳಲ್ಲಿ ಅದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಕೆಮ್ಮುವ ಮಗುವಿಗೆ ದೊಡ್ಡಪತ್ರೆಯನ್ನು ಬಾಡಿಸಿ ರಸ ಹಿಂಡಿ ಕೊಟ್ಟ ಅಜ್ಜಿಯರಿಗೆ ಥೈಮಾಲ್ ಎಂಬ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಈ ಎಣ್ಣೆ ತೆಂಗಿನೆಣ್ಣೆ, ಶೇಂಗಾ ಎಣ್ಣೆಯಂಥದ್ದಲ್ಲ. ಒಂದು ಹನಿ ತೆಂಗಿನೆಣ್ಣೆಯನ್ನು ಕಾಗದದ ಮೇಲೆ ಹಾಕಿದರೆ ಕಲೆ ಹಾಗೆಯೇ ಉಳಿಯುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕಲೆ ಕಾಣೆಯಾಗುತ್ತದೆ. ಅದು ಹಾರುವ ಎಣ್ಣೆ. ತಾನಾಗಿ ಕುದಿಯಲು ಅದಕ್ಕೆ 200 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಆದರೆ ಕುದಿಯುವ ನೀರು ಜೊತೆಗಿದ್ದರೆ 100 ಡಿಗ್ರಿಯೊಳಗೇ ಹಬೆಯ ಹೆಗಲೇರಿ ಹೊರಟುಬಿಡುತ್ತದೆ. ಅದೇ ಗುಣದಿಂದ ಕಾರ್ಖಾನೆಗಳು ಬದುಕುತ್ತವೆ. ನೂರು ವರ್ಷಕ್ಕೂ ಹಿಂದೆ ಆರಂಭವಾದ ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆಯಲ್ಲಿ ಚಕ್ಕೆಯಿಂದ ಎಣ್ಣೆ ತೆಗೆದದ್ದೂ ಹಬೆಯ ಬಲದಿಂದಲೇ. ಅವರು ಹಬೆಯನ್ನು ಹಿಡಿದು, ತಣಿಸಿ, ಬಾಟಲಿಗೆ ತುಂಬಿದರು. ನಾವು ಅಡುಗೆಮನೆಯಲ್ಲಿ ಅದೇ ಹಬೆಯನ್ನು ಕಿಟಕಿಯಿಂದ ಆಚೆ ಕಳಿಸುತ್ತೇವೆ.

ಹಿಂದಿನವರು ಕಳಿಸುತ್ತಿರಲಿಲ್ಲ. ಆಯುರ್ವೇದದಲ್ಲಿ ಕಷಾಯಕ್ಕೆ ಐದು ದಾರಿಗಳಿವೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹಿಂಡಿದ ರಸ, ಅರೆದ ಮುದ್ದೆ, ಕುದಿಸಿ ಬತ್ತಿಸಿದ್ದು, ತಣ್ಣೀರಲ್ಲಿ ರಾತ್ರಿ ನೆನೆಸಿದ್ದು, ಬಿಸಿನೀರು ಹೊಯ್ದು ಸೋಸಿದ್ದು. ಐದರಲ್ಲಿ ಬತ್ತಿಸುವುದು ಒಂದು ಮಾತ್ರ ಎಂಬುದನ್ನು ಗಮನಿಸಿ. ಅದು ಬೇರು, ತೊಗಟೆ, ಅಮೃತಬಳ್ಳಿಯ ಕಾಂಡದಂಥ ಗಟ್ಟಿ ವಸ್ತುಗಳಿಗೆ ಸರಿ. ಮೃದುವಾದ, ಪರಿಮಳದ ಸೊಪ್ಪಿಗೆ ಸಲ್ಲುವುದು ಹಿಮ ಮತ್ತು ಫಾಂಟ. ಮೊಬೈಲಿಗೆ ದಿನವೂ ಬರುವ ಸಂದೇಶಗಳಲ್ಲಿ ಎಲ್ಲದಕ್ಕೂ ಒಂದೇ ಸೂತ್ರ: ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯಲಿ. ದಯವಿಟ್ಟು ತುಳಸಿಗೆ ಹೀಗೆ ಮಾಡಬೇಡಿ. ಮಜ್ಜಿಗೆ ಹುಲ್ಲಿಗೆ ಮಾಡಲೇಬೇಡಿ.

ನಮ್ಮ ಅಡುಗೆಯನ್ನೇ ನೋಡಿ. ದೊಡ್ಡಪತ್ರೆ ತಂಬುಳಿ ಮಾಡುವಾಗ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸುತ್ತೇವೆ. ಕುದಿಸುತ್ತೇವೆಯೇ? ಇಲ್ಲ. ಪರಿಮಳದ ಎಣ್ಣೆ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ತುಪ್ಪ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರಿಬೇವಿನ ಒಗ್ಗರಣೆಯೂ ಹೀಗೆಯೇ. ಸಾರು ಇಳಿಸುವ ಹೊತ್ತಿಗೆ ಚಟಪಟ ಎನ್ನುವ ಒಗ್ಗರಣೆ ಬೀಳುತ್ತದೆ, ಬಿದ್ದ ಕೂಡಲೇ ತಟ್ಟೆ ಮುಚ್ಚುತ್ತೇವೆ. ಕೊತ್ತಂಬರಿ ಸೊಪ್ಪನ್ನು ಒಲೆ ಆರಿಸಿದ ಮೇಲೆ ಉದುರಿಸುತ್ತೇವೆ. ಸಾರಿಗೆ ಇಷ್ಟು ಜಾಣತನ ತೋರಿಸುವ ನಾವು ಕಷಾಯಕ್ಕೆ ಬಂದಾಗ ಏಕೆ ಮರೆಯುತ್ತೇವೆಯೋ ನನಗೆ ಅರ್ಥವಾಗುವುದಿಲ್ಲ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಮಲೆನಾಡಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ ಪದವಿ ವಿದ್ಯಾರ್ಥಿಗಳಿಗೆ ಮಜ್ಜಿಗೆ ಹುಲ್ಲಿನಿಂದ ಎಣ್ಣೆ ತೆಗೆಯುವುದನ್ನು ತೋರಿಸುತ್ತಿದ್ದೆ. ವಿದ್ಯಾರ್ಥಿನಿಲಯದ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಆ ಹುಲ್ಲು ಸೊಂಪಾಗಿ ಬೆಳೆದಿತ್ತು. ಕೊಯ್ಯುವಾಗ ಅಂಚು ಕೈ ಕೊರೆಯುತ್ತದೆ, ಆದರೂ ಹುಡುಗರಿಗೆ ಉತ್ಸಾಹ. ಬೆರಳುದ್ದ ಕತ್ತರಿಸಿ, ಗಾಜಿನ ದುಂಡು ಪಾತ್ರೆಗೆ ತುಂಬಿ, ನೀರು ಹೊಯ್ದು, ಕೆಳಗೆ ಬೆಂಕಿ ಹಚ್ಚುವುದು. ಮೇಲೆ ಗಾಜಿನ ಕೊಳವೆ, ಕೊಳವೆಯ ಸುತ್ತ ತಣ್ಣೀರು ಹರಿಯುತ್ತಿರುತ್ತದೆ. ಹಬೆ ಮೇಲೇರಿ, ತಣ್ಣನೆಯ ಗೋಡೆಗೆ ತಾಗಿ, ಹನಿಹನಿಯಾಗಿ ಪಕ್ಕದ ಕೊಳವೆಗೆ ಇಳಿಯುತ್ತದೆ. ಮೊದಲು ಬರೀ ನೀರಿನಂತೆ ಕಾಣುತ್ತದೆ. ಆಮೇಲೆ ನೀರಿನ ಮೇಲೆ ತೆಳ್ಳಗೆ ಹೊನ್ನಿನ ಬಣ್ಣದ ಪದರ ಕಟ್ಟುತ್ತದೆ. ಒಂದು ಕಿಲೋ ಹಸಿ ಹುಲ್ಲಿಗೆ ಸಿಗುವುದು ಹೆಚ್ಚೆಂದರೆ ಒಂದು ಟೀ ಚಮಚದಷ್ಟು. ಅದರಲ್ಲಿ ಮುಕ್ಕಾಲು ಪಾಲು ಸಿಟ್ರಾಲ್ ಎಂಬ ವಸ್ತು. ನಿಂಬೆಯ ವಾಸನೆ ಅದರದ್ದೇ.

ನಮ್ಮ ಪ್ರಯೋಗಾಲಯದಲ್ಲಿ ತೀರ್ಥಹಳ್ಳಿ ಕಡೆಯ ಸಹಾಯಕರೊಬ್ಬರಿದ್ದರು. ಮಾತು ಕಡಿಮೆ. ತರಗತಿ ಮುಗಿದು ಹುಡುಗರು ಹೋದ ಮೇಲೆ ಅವರು ದುಂಡು ಪಾತ್ರೆಯಲ್ಲಿ ಉಳಿದಿದ್ದ ಬೆಂದ ಹುಲ್ಲನ್ನು ಹೊರಗೆ ಸುರಿದು, ಒಂದು ಹಿಡಿ ಎತ್ತಿ ಮೂಸಿದರು. ನನಗೂ ಕೊಟ್ಟರು. ನೆನೆದ ಒಣಹುಲ್ಲಿನ ವಾಸನೆ, ಅಷ್ಟೇ. "ಇದರಲ್ಲಿ ಈಗ ಏನೂ ಇಲ್ಲ ಅಲ್ಲವೇ ಸರ್? ನಮ್ಮ ಅವ್ವ ಹಬೆಯನ್ನು ಹೊರಗೆ ಬಿಡುತ್ತಲೇ ಇರಲಿಲ್ಲ" ಎಂದರು. ಕೂರಿಸಿ ಕೇಳಿದೆ. ಜ್ವರ ಬಂದವರಿಗೆ ಅವರ ತಾಯಿ ಕಷಾಯ ಮಾಡುತ್ತಿದ್ದದ್ದು ಹೀಗೆ. ಮೊದಲು ನೀರಿಗೆ ಮೆಣಸು, ಕೊತ್ತಂಬರಿ ಬೀಜ ಹಾಕಿ ಕುದಿಸುವುದು. ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸುವುದು. ಮಜ್ಜಿಗೆ ಹುಲ್ಲಿನ ಎಸಳುಗಳನ್ನು ಗಂಟು ಹಾಕಿ, ಒಮ್ಮೆ ಜಜ್ಜಿ ಒಳಗೆ ಬಿಡುವುದು. ಕೂಡಲೇ ಮೇಲೆ ಹಿತ್ತಾಳೆ ತಟ್ಟೆ ಮುಚ್ಚುವುದು. ತಟ್ಟೆಯ ಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ! ಬಟ್ಟೆ ಬೆಚ್ಚಗಾದರೆ ಮತ್ತೆ ಅದ್ದಿ ಹಾಕುವುದು. ಕುಡಿಯುವ ಹೊತ್ತಿಗೆ ತಟ್ಟೆಯನ್ನು ಓರೆ ಮಾಡಿ ಎತ್ತಿ, ಅಡಿಯಲ್ಲಿ ಕಟ್ಟಿದ ಹನಿಗಳನ್ನೆಲ್ಲ ಪಾತ್ರೆಗೇ ಬೀಳಿಸಿ, ಆಮೇಲೆ ಲೋಟಕ್ಕೆ ಬಗ್ಗಿಸುವುದು.

ನನಗೆ ಮೈ ಝುಮ್ಮೆಂದಿತು. ನಮ್ಮ ಗಾಜಿನ ಯಂತ್ರ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಹಬೆ, ತಣ್ಣನೆಯ ಗೋಡೆ, ಹನಿ. ನಾವು ಹನಿಯನ್ನು ಬೇರೆ ಕೊಳವೆಗೆ ಹರಿಸಿದೆವು, ಆ ತಾಯಿ ಅದನ್ನು ರೋಗಿಯ ಲೋಟಕ್ಕೇ ಮರಳಿಸಿದರು. ಮರುದಿನ ಹುಡುಗರ ಮುಂದೆ ಎರಡು ಪಾತ್ರೆ ಇಟ್ಟೆವು. ಒಂದರಲ್ಲಿ ಹುಲ್ಲನ್ನು ತೆರೆದಿಟ್ಟು ಕೊತಕೊತ ಕುದಿಸಿದ್ದು, ಇನ್ನೊಂದು ಆ ಸಹಾಯಕರೇ ಅವ್ವನ ಕ್ರಮದಲ್ಲಿ ಮಾಡಿದ್ದು. ಯಾವುದು ಯಾವುದೆಂದು ಹೇಳದೆ ಕುಡಿಯಲು ಕೊಟ್ಟೆವು. ಕುದಿಸಿದ್ದಕ್ಕೆ ಬಣ್ಣ ಗಾಢವಾಗಿತ್ತು. ನೋಡಿದವರೆಲ್ಲ ಅದೇ ಗಟ್ಟಿ ಕಷಾಯ ಎಂದರು. ಕುಡಿದ ಮೇಲೆ ಒಬ್ಬರೂ ಅದರತ್ತ ಕೈ ಚಾಚಲಿಲ್ಲ. ಮುಚ್ಚಿಟ್ಟ ಪಾತ್ರೆ ಖಾಲಿಯಾಯಿತು. ಆಮೇಲೆ ಪ್ರತಿ ವರ್ಷ ಆ ಪಾಠವನ್ನು ಅವರಿಂದಲೇ ಮಾಡಿಸಿದೆ.

ಆದ್ದರಿಂದ ಕೇಳುಗರೇ, ಯಾವ ಕಾಯಿಲೆಗೆ ಎಷ್ಟು ಎಲೆ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಮುಚ್ಚಳ ಮುಚ್ಚಿದಿರಾ? ಗಟ್ಟಿ ವಸ್ತು ಮೊದಲು ಕುದಿಯಲಿ. ಒಲೆ ಆರಿಸಿ. ಸೊಪ್ಪು ಹಾಕಿ. ಮುಚ್ಚಳ ಮುಚ್ಚಿ. ಹತ್ತು ನಿಮಿಷ ತೆರೆಯಬೇಡಿ.

ಸಮಯ ಮುಗಿಯುತ್ತ ಬಂದಿದೆ ಎಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಉಳಿದ ಗಿಡಗಳ ಬಗ್ಗೆ ಬೇಗ ಹೇಳುತ್ತೇನೆ.

ತುಳಸಿಯಲ್ಲಿರುವ ಯೂಜಿನಾಲ್ ಎಂಬ ವಸ್ತುವೇ ಲವಂಗದಲ್ಲೂ ಇದೆ. ಅದಕ್ಕೇ ತುಳಸಿ ಅಗಿದರೆ ನಾಲಿಗೆ ಚುರುಗುಟ್ಟುತ್ತದೆ. ದೇವಸ್ಥಾನದ ತೀರ್ಥವನ್ನು ನೆನಪಿಸಿಕೊಳ್ಳಿ. ತಣ್ಣೀರು, ತುಳಸಿ, ಚಿಟಿಕೆ ಪಚ್ಚಕರ್ಪೂರ. ಬೆಂಕಿಯ ಸೋಂಕೇ ಇಲ್ಲ. ಮನೆಯಲ್ಲೂ ರಾತ್ರಿ ಒಂದು ಚೊಂಬು ನೀರಿಗೆ ತುಳಸಿ ಹಾಕಿ ಮುಚ್ಚಿಟ್ಟು ಬೆಳಿಗ್ಗೆ ಕುಡಿಯಬಹುದು.

ಲಾವಂಚದ ಪರಿಮಳ ಇರುವುದು ಬೇರಿನಲ್ಲಿ, ಅದು ಬಹಳ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮಜ್ಜಿಗೆ ಹುಲ್ಲು ಎರಡು ಮೂರು ಗಂಟೆಯಲ್ಲಿ ಎಣ್ಣೆ ಬಿಟ್ಟುಕೊಟ್ಟರೆ, ಲಾವಂಚದ ಬೇರಿಗೆ ಹಗಲೂ ರಾತ್ರಿ ಹಬೆ ಹಾಯಿಸಬೇಕು. ಹಾಗಾಗಿ ಮನೆಯಲ್ಲಿ ಅದನ್ನು ಕುದಿಸುವ ಗೋಜಿಗೆ ಹೋಗಬೇಡಿ. ಬೇರನ್ನು ಮಣ್ಣು ಹೋಗುವಂತೆ ತೊಳೆದು, ತೆಳುಬಟ್ಟೆಯಲ್ಲಿ ಕಟ್ಟಿ ಕುಡಿಯುವ ನೀರಿನ ಮಡಕೆಗೆ ಬಿಡಿ. ಬೇಸಿಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದೂ ನಮ್ಮಲ್ಲಿ ಹಳೆಯ ರೂಢಿ. ನೀರು ಆರುವಾಗ ಗಾಳಿ ತಂಪಾಗುತ್ತದೆ, ಜೊತೆಗೆ ಆ ಮಣ್ಣಿನ ಕಂಪು.

ದವನವೆಂದರೆ ಉತ್ತರ ಕರ್ನಾಟಕದವರಿಗೆ ಚೈತ್ರದ ದವನದ ಹುಣ್ಣಿಮೆ, ಸವದತ್ತಿ ಎಲ್ಲಮ್ಮನ ಗುಡ್ಡ. ಬೆಂಗಳೂರಿನವರಿಗೆ ಮಲ್ಲಿಗೆ ದಂಡೆಯ ನಡುವಿನ ಬೂದುಹಸಿರು ಎಸಳು. ಒಣಗಿದ ಮೇಲೂ ಅದರ ಘಮ ಹೋಗುವುದಿಲ್ಲ. ಮುಡಿದು ತೆಗೆದದ್ದನ್ನು ಎಸೆಯಬೇಡಿ. ನೆರಳಲ್ಲಿ ಒಣಗಿಸಿ ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿಡಿ. ನೆರಳಲ್ಲಿ ಎಂದೆ, ಬಿಸಿಲಲ್ಲಲ್ಲ. ಬಿಸಿಲಿಗೆ ಹರವಿದರೆ ಎಣ್ಣೆ ಹಾರುತ್ತದೆ. ಒಣ ತುಳಸಿ, ಒಣ ಪುದೀನಕ್ಕೂ ಇದೇ ಮಾತು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಮನೆಯಲ್ಲಿ ಇದಾವುದೂ ಇಲ್ಲ ಎನ್ನುವವರು ಈ ವಾರವೇ ದೊಡ್ಡಪತ್ರೆಯಿಂದ ಶುರುಮಾಡಿ. ಬೀಜ ಬೇಡ. ನೆರೆಮನೆಯವರನ್ನು ಕೇಳಿ ಗೇಣುದ್ದದ ಒಂದು ಕಾಂಡ ತನ್ನಿ, ಕೆಳಗಿನ ಎಲೆಗಳನ್ನು ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಕುಂಡದ ತಳದಲ್ಲಿ ತೂತಿರಲಿ, ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿ. ನೀರು ನಿಂತರೆ ಕಾಂಡ ಕೊಳೆಯುತ್ತದೆ, ಆದ್ದರಿಂದ ಸೂರಿನ ನೀರು ಸುರಿಯುವ ಕಡೆ ಇಡಬೇಡಿ. ತುದಿಯಲ್ಲಿ ಹೊಸ ಚಿಗುರು ಕಂಡಿತೆಂದರೆ ಬೇರು ಹಿಡಿಯಿತು ಎಂದು ಅರ್ಥ. ಆ ತುದಿಯನ್ನು ಚಿವುಟಿ, ಪಕ್ಕದಲ್ಲಿ ಕವಲೊಡೆಯುತ್ತದೆ.

ನಮಸ್ಕಾರ.