ಕೊನೆಯ ರಾತ್ರಿ ದೋಸ್ತನ ರೂಮು ಬೇಡ

ನಮಸ್ಕಾರ್ರೀ ಎಲ್ಲರಿಗೂ. ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಸಣ್ಣದು, ಆದರೆ ಇದರ ಬಗ್ಗೆ ನನಗೆ ಸ್ವಲ್ಪ ಹಟ ಜಾಸ್ತಿ. ಹೊರದೇಶದಿಂದ ಊರಿಗೆ ಬರುವ ಹಿಂದಿನ ರಾತ್ರಿ ಎಲ್ಲಿ ಮಲಗಬೇಕು?

ದುಬೈಗೆ ದುಡಿಯಲು ಹೋದವರಿರಲಿ, ಬ್ಯಾಂಕಾಕ್ ಸುತ್ತಲು ಹೋದವರಿರಲಿ, ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. "ಒಂದು ರಾತ್ರಿ ತಾನೆ, ಎಲ್ಲೋ ಅಡ್ಡಾದರಾಯಿತು" ಅನ್ನುತ್ತಾರೆ. ಬೆಂಗಳೂರಿನವರು ಹಾಗೆ ಅನ್ನಬಹುದು. ದೇವನಹಳ್ಳಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ಮನೆ, ಹಾಸಿಗೆ. ನಮ್ಮದು ಹಾಗಲ್ಲ. ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಹೊರದೇಶದ ವಿಮಾನ ಬರುವುದಿಲ್ಲ. ಬಾಗಲಕೋಟೆಗೆ ವಿಮಾನ ನಿಲ್ದಾಣವೇ ಇಲ್ಲ. ಮುಂಬೈನಲ್ಲಿ ಇಳಿದರೆ ಬೆಳಗಾವಿಗೆ ಇನ್ನೂ ಸುಮಾರು 500 ಕಿಲೋಮೀಟರ್, ಬೆಂಗಳೂರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ವಿಜಯಪುರದವರು ಹೈದರಾಬಾದ್‌ನಲ್ಲಿ ಇಳಿದರೂ ಏಳೆಂಟು ತಾಸಿನ ರಸ್ತೆ. ಗೋವಾದಲ್ಲಿ ಇಳಿದರೆ ಬೆಳಗಾವಿಯವರಿಗೆ ಪುಣ್ಯ. ಆದರೆ ಅಲ್ಲೂ 2023ರಿಂದ ಎರಡು ನಿಲ್ದಾಣ, ದಾಬೋಳಿ ಒಂದು, ಮೋಪಾ ಒಂದು. ಕರೆದುಕೊಂಡು ಹೋಗಲು ಬರುವ ಗಾಡಿಯವನಿಗೆ ಯಾವುದು ಅಂತ ಬಿಡಿಸಿ ಹೇಳಬೇಕು.

ಅಂದರೆ ವಿಮಾನ ಇಳಿದ ದಿನದ ರಾತ್ರಿ ನಾವು ಸ್ಲೀಪರ್ ಬಸ್ಸಿನಲ್ಲೋ ರಾಣಿ ಚೆನ್ನಮ್ಮ ರೈಲಿನಲ್ಲೋ ಇರುತ್ತೇವೆ. ಅದಕ್ಕೂ ಮುಂಚಿನ ರಾತ್ರಿಯೂ ಕಣ್ಣು ಮುಚ್ಚದಿದ್ದರೆ ಊರು ಮುಟ್ಟಿ ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡುವುದಿಲ್ಲ.

ಈಗ ದೋಸ್ತನ ರೂಮಿನ ವಿಷಯ. ಬೈಯುವವರು ಬೈಯಿರಿ. "ಹೋಟೆಲ್ ಯಾಕಲೇ, ನಾ ಇಲ್ಲೇನು ಸತ್ತೇನೇನು?" ಅನ್ನುತ್ತಾನೆ. ಪ್ರೀತಿ ಖರೇ. ಆದರೆ ಅವನ ರೂಮು ಇರುವುದು ದುಬೈನ ಜೆಬೆಲ್ ಅಲಿ ಕಡೆ, ನಿಮ್ಮ ವಿಮಾನ ಹೊರಡುವುದು ಊರಿನ ಇನ್ನೊಂದು ತುದಿಯಿಂದ. ಒಂದೇ ರೂಮಿನಲ್ಲಿ ಐದಾರು ಜನ. ಒಬ್ಬ ಡ್ಯೂಟಿ ಮುಗಿಸಿ ರಾತ್ರಿ ಹನ್ನೆರಡಕ್ಕೆ ಬರುತ್ತಾನೆ, ಇನ್ನೊಬ್ಬ ನಾಲ್ಕಕ್ಕೆ ಏಳುತ್ತಾನೆ. ಅದಾದರೂ ಸಹಿಸಬಹುದು. ನೀವು ಊರಿಗೆ ಹೊರಟಿದ್ದೀರಿ ಅಂತ ಗೊತ್ತಾದರೆ ಸಾಕು, ಅಕ್ಕಪಕ್ಕದ ರೂಮಿನವರೆಲ್ಲ ಒಂದೊಂದು ಗಂಟು ಹಿಡಿದು ಬರುತ್ತಾರೆ. "ಅಣ್ಣಾ, ನಮ್ಮ ಅವ್ವಗ ಇದೊಂದು ಮುಟ್ಟಿಸಿಬಿಡು." ಹಾಲಿನ ಪುಡಿ, ಖರ್ಜೂರ, ಸೆಂಟಿನ ಬಾಟಲಿ. ಅರ್ಧರಾತ್ರಿಗೆ ಬ್ಯಾಗ್ ಬಿಚ್ಚಿ, ತೂಗಿ, ನಿಮ್ಮ ಸಾಮಾನನ್ನೇ ಹೊರಗೆ ತೆಗೆಯುತ್ತಾ ಕೂರಬೇಕು. ಅದರಲ್ಲಿ ಯಾವುದೋ ಒಂದು ಪೂರ್ತಿ ಟೇಪ್ ಸುತ್ತಿದ ಪೊಟ್ಟಣ. ಒಳಗೆ ಏನಿದ್ದರೂ ಕಸ್ಟಮ್ಸ್‌ನಲ್ಲಿ ಉತ್ತರ ಕೊಡುವವರು ನೀವು, ಕೊಟ್ಟವನಲ್ಲ. ಹಗಲಲ್ಲಿ, ತೆರೆದ ಸಾಮಾನು ಕೊಟ್ಟರೆ ತನ್ನಿ. ಅರ್ಧರಾತ್ರಿ ಕಟ್ಟಿದ ಗಂಟು ಬೇಡವೇ ಬೇಡ. ದೋಸ್ತನ ಜೊತೆ ಸಂಜೆ ಕೂತು ಊಟ ಮಾಡಿ, ಹೊಟ್ಟೆ ತುಂಬ ಹರಟಿ, ಎದ್ದು ಹೋಟೆಲಿಗೆ ಹೋಗಿ.

ಯಾವ ಹೋಟೆಲು? ವಿಮಾನ ಬೆಳಿಗ್ಗೆ ಬೇಗ ಇದ್ದರೆ ನಿಲ್ದಾಣದ ಹತ್ತಿರದ್ದೇ ಸರಿ. ಆದರೆ ಆ್ಯಪ್‌ನಲ್ಲಿ "ಏರ್‌ಪೋರ್ಟ್ ಹತ್ತಿರ" ಅಂತ ಬರೆದದ್ದನ್ನು ಸುಮ್ನೆ ನಂಬಬೇಡಿ. ನಮ್ಮ ಕೋಟೆ ಕೆರೆಯ ಈ ದಂಡೆಯಿಂದ ಆ ದಂಡೆ ನೋಡಿದ ಹಾಗೆ ಅದು. ಕಣ್ಣಿಗೆ ಹತ್ತಿರ, ಕಾಲಿಗೆ ಸುತ್ತು. ದುಬೈಯನ್ನೇ ನೋಡಿ. ಒಂದು ಮತ್ತು ಮೂರನೇ ಟರ್ಮಿನಲ್ ಒಂದು ಕಡೆ, ಎರಡನೆಯದು ರನ್‌ವೇ ದಾಟಿ ಆ ಕಡೆ. ಮೆಟ್ರೋ ಒಂದು ಮತ್ತು ಮೂರಕ್ಕೆ ಹೋಗುತ್ತದೆ, ಎರಡಕ್ಕೆ ಇಲ್ಲ. ಆ ಎರಡನೇ ಟರ್ಮಿನಲ್‌ನಿಂದಲೂ ಭಾರತಕ್ಕೆ ವಿಮಾನಗಳಿವೆ. ಮೆಟ್ರೋ ವಾರದ ದಿನ ಬೆಳಿಗ್ಗೆ 5ಕ್ಕೆ ಶುರುವಾದರೆ ಭಾನುವಾರ 8ಕ್ಕೆ. ಭಾನುವಾರದ ನಸುಕಿನ ವಿಮಾನಕ್ಕೆ ಮೆಟ್ರೋ ನೆಚ್ಚಿದರೆ ಮುಗೀತು. ಬ್ಯಾಂಕಾಕ್‌ನಲ್ಲಂತೂ ನಿಲ್ದಾಣಗಳೇ ಎರಡು, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್, ಊರಿನ ಎರಡು ಬೇರೆ ಬೇರೆ ದಿಕ್ಕಿಗೆ. ಅಗ್ಗದ ಟಿಕೆಟ್ ಇದ್ದರೆ ಡಾನ್ ಮುವಾಂಗ್ ಇರಬಹುದು, ನೋಡಿಕೊಳ್ಳಿ. ಲಂಡನ್ನಿನ ಹೀಥ್ರೋದಲ್ಲಿ ಐದನೇ ಟರ್ಮಿನಲ್ಲಿಗೆ ಅಂಟಿಕೊಂಡ ಹೋಟೆಲ್ ಹಿಡಿದು, ವಿಮಾನ ನಾಲ್ಕನೆಯದರಿಂದ ಇದ್ದರೆ ನಡೆದು ಹೋಗಲು ಆಗುವುದಿಲ್ಲ. ಮೊದಲು ಟಿಕೆಟ್‌ನಲ್ಲಿ ಟರ್ಮಿನಲ್ ನೋಡಿ, ಆಮೇಲೆ ಹೋಟೆಲ್.

ಇನ್ನೊಂದು ಗುಂಡಿ ಇದೆ. ಕೆಲವು ನಿಲ್ದಾಣಗಳಲ್ಲಿ ಒಳಗೇ ಹೋಟೆಲ್ ಇರುತ್ತದೆ, ಎಷ್ಟು ಚಂದ ಅನಿಸುತ್ತದೆ ಅಲ್ವಾ? ದುಬೈ ಮೂರನೇ ಟರ್ಮಿನಲ್‌ನಲ್ಲಿ ಇದೆ, ಸಿಂಗಾಪುರದ ಚಾಂಗಿಯಲ್ಲಿ ಇದೆ. ಆದರೆ ಅಂಥವು ಎಷ್ಟೋ ಇಮಿಗ್ರೇಶನ್ ದಾಟಿದ ಮೇಲೆ ಇರುತ್ತವೆ. ಬೋರ್ಡಿಂಗ್ ಪಾಸ್ ಇಲ್ಲದೆ ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ತೆರೆಯುವುದು ಮೂರು ತಾಸು ಮೊದಲು. ಅಷ್ಟು ಹೊತ್ತಿಗೆ ಹಾಸಿಗೆ ಯಾಕೆ ಬೇಕು?

ರಾತ್ರಿ ಎರಡೂವರೆಯ ವಿಮಾನದ್ದು ಬೇರೆ ಕಥೆ. 15ನೇ ತಾರೀಕು 2.30 ಅಂದರೆ 14ರ ರಾತ್ರಿ ಊಟ ಮುಗಿಸಿ ಹೊರಡಬೇಕು. 15ರ ರಾತ್ರಿಗೆ ರೂಮ್ ಹಿಡಿದವರೂ ಇದ್ದಾರೆ, ವಿಮಾನ ತಪ್ಪಿಸಿಕೊಂಡವರೂ ಇದ್ದಾರೆ. ಇಂಥ ವಿಮಾನಕ್ಕೆ ಏರ್‌ಪೋರ್ಟ್ ಹೋಟೆಲ್ ಬೇಡ. ಊರೊಳಗೆ ಇದ್ದ ರೂಮನ್ನೇ ಸಂಜೆ ತನಕ ಇಟ್ಟುಕೊಳ್ಳಿ. ಮಧ್ಯಾಹ್ನ 12ಕ್ಕೆ ಬಿಡಿ ಅನ್ನುತ್ತಾರೆ, ಜಾಸ್ತಿ ದುಡ್ಡು ಕೇಳುತ್ತಾರೆ, ಕೊಡಿ. ವಯಸ್ಸಾದ ಅಪ್ಪ ಅವ್ವನನ್ನು ಬ್ಯಾಗುಗಳ ಜೊತೆ ಮಾಲ್‌ನ ಬೆಂಚಿನ ಮೇಲೆ ಹತ್ತು ತಾಸು ಕೂರಿಸಿ ಉಳಿಸುವ ದುಡ್ಡು ಯಾವ ಲೆಕ್ಕದ್ದು?

ಹೋಟೆಲಿನ ಬಸ್ ಪುಕ್ಕಟೆಯೋ, ಬೆಳಿಗ್ಗೆ ಮೊದಲನೆಯದು ಎಷ್ಟಕ್ಕೋ, ಹಿಂದಿನ ರಾತ್ರಿಯೇ ಹೆಸರು ಬರೆಸಬೇಕೋ, ರೂಮಿನ ಬೀಗದ ಕೈ ತೆಗೆದುಕೊಳ್ಳುವಾಗಲೇ ಕೇಳಿ. ಮತ್ತೆ ಐದಕ್ಕೆ ಹೊರಡುವವರು ನಾಷ್ಟಾ ಸೇರಿದ ರೇಟಿಗೆ ದುಡ್ಡು ಕೊಡಬೇಡಿ, ಅಡುಗೆಮನೆ ತೆರೆಯುವುದೇ ಎಷ್ಟೋ ಕಡೆ ಆರೂವರೆಗೆ. ಕೊಟ್ಟಾಗಿದ್ದರೆ ರಾತ್ರಿಯೇ ಪಾರ್ಸಲ್ ಕಟ್ಟಿಸಿಕೊಳ್ಳಿ.