ಸೋತ ಫೈನಲ್‌ನ ಕ್ಯಾಪ್ಟನ್

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ದಾವಣಗೆರೆಯಲ್ಲಿ ನಾವು ನಾಲ್ಕು ಜನ ಹಳೇ ಗೆಳೆಯರು ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತಿದ್ದೆವು. ಮಾತು ಕ್ರಿಕೆಟ್‌ನಿಂದ ಶುರುವಾಯಿತು. 2015ರಲ್ಲಿ ಅನಿಲ್ ಕುಂಬ್ಳೆ ಐಸಿಸಿಯ ಹಾಲ್ ಆಫ್ ಫೇಮ್, ಅಂದರೆ ದೊಡ್ಡ ಆಟಗಾರರ ಗೌರವದ ಸಾಲು ಸೇರಿದರಲ್ಲ, ಆ ವಿಷಯ ಬಂತು. ಆಗ ಒಬ್ಬ ಗೆಳೆಯ ಕೇಳಿದ: "ಹಾಕಿಗೂ ಅಂಥದ್ದೊಂದು ಗೋಡೆ ಕಟ್ಟಿದರೆ, ನಮ್ಮ ಕರ್ನಾಟಕದಿಂದ ಮೊದಲು ಯಾರ ಫೋಟೋ ಹಾಕ್ತೀರಿ?"

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಎಂ.ಪಿ. ಗಣೇಶ್" ಅಂದೆ.

ಅವನು ಚಟ್ನಿ ತಟ್ಟೆ ಪಕ್ಕಕ್ಕೆ ಸರಿಸಿದ. "ಗಣೇಶ್ ಕ್ಯಾಪ್ಟನ್ ಆಗಿದ್ದಾಗ ಫೈನಲ್ ಸೋತರು. ನಮ್ಮ ಕರ್ನಾಟಕದವರೇ ಆದ ಸೋಮಯ್ಯ ಅವರಿಗೆ ಒಲಿಂಪಿಕ್ಸ್ ಚಿನ್ನ ಇದೆ. ಸೋತವರನ್ನು ಮುಂದೆ ಕೂರಿಸೋದು ಯಾವ ನ್ಯಾಯ?"

ಆ ಪ್ರಶ್ನೆ ನನ್ನನ್ನು ಮನೆ ತನಕ ಹಿಂಬಾಲಿಸಿತು. ಹೋಟೆಲಿನಲ್ಲಿ ಪೂರ್ತಿ ಹೇಳಲಾಗದೆ ಉಳಿದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಮೊಳ್ಳೇರ ಗಣೇಶ್ ಕೊಡಗಿನವರು. 1946ರಲ್ಲಿ ಹುಟ್ಟಿದರು. ಸೇನೆಗೆ ಸೇರಿ ಸರ್ವಿಸಸ್ ತಂಡಕ್ಕೆ ಆಡಿದರು, ಅಲ್ಲಿಂದ ಭಾರತ ತಂಡಕ್ಕೆ ಬಂದರು. ಅವರು ಬಂದ ಕಾಲ ಎಂಥದು ಅಂತ ಸ್ವಲ್ಪ ನೆನಪಿಸಿಕೊಳ್ಳಿ. 1928ರಿಂದ ಒಲಿಂಪಿಕ್ಸ್ ಚಿನ್ನ ಅಂದರೆ ನಮ್ಮದೇ ಅನ್ನುವ ಹಾಗಿತ್ತು. 1960ರ ದಶಕದಲ್ಲಿ ಆ ಬಿಗಿ ಸಡಿಲವಾಯಿತು. ಪಾಕಿಸ್ತಾನ ನಮ್ಮನ್ನು ಮತ್ತೆ ಮತ್ತೆ ಸೋಲಿಸತೊಡಗಿತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಸೋತೆವು. 1971ರಲ್ಲಿ ಬಾರ್ಸಿಲೋನಾದಲ್ಲಿ ಮೊದಲ ವಿಶ್ವಕಪ್ ನಡೆಯಿತು, ಅದರ ಸೆಮಿಫೈನಲ್‌ನಲ್ಲಿ ಸೋತೆವು. 1972ರ ಮ್ಯೂನಿಕ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲೂ ಸೋತೆವು. ಮೂರು ಸಲವೂ ಎದುರಿಗಿದ್ದದ್ದು ಪಾಕಿಸ್ತಾನವೇ. ಗಣೇಶ್ ಆ ಮೂರೂ ತಂಡಗಳಲ್ಲಿ ಇದ್ದರು. ಮೂರು ವರ್ಷ ಸತತವಾಗಿ ಒಂದೇ ಎದುರಾಳಿ ಮುಂದೆ ತಲೆ ತಗ್ಗಿಸಿ ಮೈದಾನದಿಂದ ಆಚೆ ಬಂದ ಹುಡುಗರ ಮನಸ್ಸು ಹೇಗಿದ್ದಿರಬೇಕು ಹೇಳಿ.

ಅಂಥ ತಂಡವನ್ನು 1973ರಲ್ಲಿ ಅವರ ಕೈಗೆ ಕೊಟ್ಟರು. ಎರಡನೇ ವಿಶ್ವಕಪ್. ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್. ಸೆಮಿಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನವೇ ಬಂತು. ಈ ಸಲ ಗೆದ್ದದ್ದು ನಾವು, 1-0.

ನನ್ನ ಮಟ್ಟಿಗೆ ಗಣೇಶ್ ಪರವಾದ ವಾದ ಇಲ್ಲಿಗೇ ಅರ್ಧ ಮುಗಿಯಿತು. ಆ ಒಂದು ಗೋಲಿನ ಅಂತರ ಕಾಗದದ ಮೇಲೆ ಚಿಕ್ಕದು. ಆದರೆ ಪಾಕಿಸ್ತಾನದ ಎದುರು ನಮ್ಮ ಕೈಲಿ ಆಗಲ್ಲ ಅನ್ನುವ ಭಯ ಅವತ್ತು ಒಡೆಯಿತು. ಕ್ಯಾಪ್ಟನ್ ಮಾಡಬೇಕಾದ ಕೆಲಸ ಇನ್ಯಾವುದು?

ಆಮೇಲೆ ಫೈನಲ್. ಸೆಪ್ಟೆಂಬರ್ 2. ಎದುರಿಗೆ ನೆದರ್ಲೆಂಡ್ಸ್, ಅದೂ ಅವರದೇ ನೆಲ, ಅವರದೇ ಜನ. ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. 2-0. ನೆದರ್ಲೆಂಡ್ಸ್ ಬಿಡಲಿಲ್ಲ, 2-2ಕ್ಕೆ ತಂದು ನಿಲ್ಲಿಸಿತು. ಹೆಚ್ಚುವರಿ ಸಮಯ ಕೊಟ್ಟರು. ಅದರಲ್ಲಿ ನಮಗೊಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಗೋಲಿ ಒಬ್ಬ, ಹೊಡೆಯುವವ ಒಬ್ಬ, ನಡುವೆ ಚೆಂಡು. ಅದು ಒಳಗೆ ಹೋಗಿದ್ದರೆ ವಿಶ್ವಕಪ್ ನಮ್ಮದಾಗುತ್ತಿತ್ತು. ಹೋಗಲಿಲ್ಲ. ಹೊಡೆದವರು ಯಾರು ಅನ್ನೋದು ಇಲ್ಲಿ ಬೇಡ. ಅವರು ಭಾರತಕ್ಕೆ ಕೊಟ್ಟದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಕೊನೆಗೆ ಟೈಬ್ರೇಕರ್‌ನ ಸ್ಟ್ರೋಕುಗಳಲ್ಲಿ ನೆದರ್ಲೆಂಡ್ಸ್ 4-2ರಿಂದ ಗೆದ್ದಿತು.

ನಮ್ಮ ಗೆಳೆಯ "ಸೋತರು" ಅಂದದ್ದು ಈ ಪಂದ್ಯವನ್ನು. ಆಡುವ ಆಟದಲ್ಲಿ ಯಾರೂ ಸೋಲಲಿಲ್ಲ, ಅಲ್ವಾ? ಸ್ಕೋರು ಸಮಸಮ ಇತ್ತು.

ನನಗೆ ಗಣೇಶ್ ಹೆಸರು ಮೊದಲು ಗೊತ್ತಾದದ್ದು ಇನ್ನೂ ಎರಡು ವರ್ಷದ ಮೇಲೆ. 1975ರ ಮಾರ್ಚ್ 15. ನಾನು ಆಗ ನಾಲ್ಕನೇ ಕ್ಲಾಸು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅವತ್ತು ಮಧ್ಯಾಹ್ನ ನನ್ನನ್ನು ಮಂಡಿಪೇಟೆಯ ಒಂದು ಚಹಾ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ರೇಡಿಯೋ ಇತ್ತು. ಕ್ವಾಲಾಲಂಪುರದಿಂದ ಜಸ್ದೇವ್ ಸಿಂಗ್ ಹಿಂದಿಯಲ್ಲಿ ಕಾಮೆಂಟರಿ ಹೇಳುತ್ತಿದ್ದರು. ನನಗೆ ಹಿಂದಿ ಬರುತ್ತಿರಲಿಲ್ಲ. ಅಂಗಡಿಯಲ್ಲಿದ್ದ ಹಮಾಲರಲ್ಲಿ ಜಾಸ್ತಿ ಜನಕ್ಕೂ ಬರುತ್ತಿರಲಿಲ್ಲ. ಆದರೆ ಅವರ ದನಿ ಏರಿದಾಗ ನಾವೆಲ್ಲ ಏಳುತ್ತಿದ್ದೆವು, ಇಳಿದಾಗ ಕೂರುತ್ತಿದ್ದೆವು. ಭಾರತ 2-1ರಿಂದ ಪಾಕಿಸ್ತಾನವನ್ನು ಸೋಲಿಸಿ ವಿಶ್ವಕಪ್ ಗೆದ್ದಿತು. ಯಾರೋ ಒಂದು ಚೀಲ ಮಂಡಕ್ಕಿ ತಂದು ಎಲ್ಲರಿಗೂ ಹಂಚಿದರು.

ಮನೆಗೆ ಬರುವಾಗ ನಮ್ಮಪ್ಪ ಒಂದು ಮಾತು ಹೇಳಿದರು. "ಈ ಸಂತೋಷದಲ್ಲಿ ಗಣೇಶ್ ಪಾಲೂ ಇದೆ ಕಣೋ." ಗಣೇಶ್ ಆ ತಂಡದಲ್ಲಿ ಇರಲಿಲ್ಲ. ಹಾಗಾಗಿ ಆ ಮಾತು ನನಗೆ ಆಗ ತಲೆಗೆ ಹತ್ತಲಿಲ್ಲ.

ಈಗ ಹತ್ತುತ್ತದೆ. 1971ರಲ್ಲಿ ಕಂಚು. 1973ರಲ್ಲಿ ಬೆಳ್ಳಿ. 1975ರಲ್ಲಿ ಚಿನ್ನ. ಕ್ವಾಲಾಲಂಪುರದಲ್ಲಿ ಗೋಲು ಹೊಡೆದವರು ಸುರ್ಜಿತ್ ಸಿಂಗ್ ಮತ್ತು ಅಶೋಕ್ ಕುಮಾರ್. ಇಬ್ಬರೂ ಎರಡು ವರ್ಷದ ಹಿಂದೆ ಗಣೇಶ್ ಕೈಕೆಳಗೆ ಆಡಿದವರು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಕೂಡ ಎರಡೂ ತಂಡಗಳಲ್ಲಿ ಇದ್ದರು. ಅಜಿತ್‌ಪಾಲ್ ಸಿಂಗ್ ಕಪ್ ಎತ್ತಿದರು, ಅದು ಅವರಿಗೆ ಸಲ್ಲಬೇಕಾದದ್ದೇ. ಆದರೆ ನಡುವಿನ ಮೆಟ್ಟಿಲು ತೆಗೆದುಬಿಟ್ಟರೆ ಮೇಲಿನ ಮೆಟ್ಟಿಲಿಗೆ ಕಾಲು ಎಟುಕುತ್ತಿತ್ತಾ?

ಇನ್ನೊಂದು ಮಾತು. ಆಗಿನ ಹಾಕಿ ಕ್ಯಾಪ್ಟನ್ ಕೆಲಸ ಈಗಿನದರ ಹಾಗಲ್ಲ. ಈಗ 15 ನಿಮಿಷದ ನಾಲ್ಕು ಕ್ವಾರ್ಟರ್ ಇವೆ. ನಡುನಡುವೆ ಕೋಚ್ ಕರೆದು ಹೇಳುತ್ತಾರೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಆಗ 35 ನಿಮಿಷದ ಎರಡು ಅವಧಿ, ಹುಲ್ಲಿನ ನೆಲ. ಸುಸ್ತಾದವನು ಸುಸ್ತಾಗಿಯೇ ಓಡಬೇಕು. ಸೋಲುವ ಹಾಗೆ ಕಂಡಾಗ ಪಕ್ಕದಲ್ಲಿ ಓಡುತ್ತಾ ಧೈರ್ಯ ಹೇಳುವವನು ಕ್ಯಾಪ್ಟನ್ ಒಬ್ಬನೇ. ಈ ಕೆಲಸ ಯಾವ ದಾಖಲೆ ಪುಸ್ತಕದಲ್ಲೂ ಅಂಕಿಯಾಗಿ ಬರುವುದಿಲ್ಲ.

ನಮ್ಮ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮೂರ ವಿನಯ್ ಕುಮಾರ್ ಆಡಿದ್ದು ಒಂದೇ ಒಂದು ಟೆಸ್ಟ್. ಅದನ್ನಷ್ಟೇ ನೋಡಿದವರು ಅವರನ್ನು ಮರೆತುಬಿಡಬಹುದು. ಆದರೆ 2013-14 ಮತ್ತು 2014-15, ಸತತ ಎರಡು ವರ್ಷ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿ ಕೂಡ ಎರಡೂ ವರ್ಷ ನಮ್ಮದೇ. ಆ ತಂಡದ ಹುಡುಗರನ್ನು ಕೇಳಿದರೆ ಒಬ್ಬ ಕ್ಯಾಪ್ಟನ್ ಬೆಲೆ ಏನು ಅಂತ ಗೊತ್ತಾಗುತ್ತದೆ. ಎಣಿಕೆಗೆ ಸಿಗದ್ದನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕು ಅಂತ ನಾನು ಹಟ ಮಾಡುವುದು ಅದಕ್ಕೇ.

ಗಣೇಶ್ ವಿರುದ್ಧ ಹೇಳುವ ಮಾತಿನಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಭಾರತಕ್ಕೆ ಒಲಿಂಪಿಕ್ಸ್ ಚಿನ್ನ ತಂದ ನಾಯಕರ ಸಾಲೇ ಇದೆ. 1928ರ ಜೈಪಾಲ್ ಸಿಂಗ್, 1936ರ ಧ್ಯಾನ್‌ಚಂದ್, 1956ರ ಬಲ್ಬೀರ್ ಸಿಂಗ್, 1980ರ ಭಾಸ್ಕರನ್. ದೇಶದ ಗೋಡೆ ಅಂತ ಬಂದರೆ ಇವರ ಹಿಂದೆಯೇ ಗಣೇಶ್ ನಿಲ್ಲಬೇಕು. ಅದನ್ನು ಒಪ್ಪುತ್ತೇನೆ. ಮತ್ತೆ 2-0 ಮುಂದಿದ್ದ ಫೈನಲ್ ಕೈಬಿಟ್ಟಿತು ಅನ್ನುವುದೂ ನಿಜ. ಅದರ ನೋವು ಅವರಿಗಿಂತ ಜಾಸ್ತಿ ಯಾರಿಗಿದ್ದೀತು?

ಸೋಮಯ್ಯ ವಿಷಯಕ್ಕೆ ಬರುತ್ತೇನೆ. ಎಂ.ಎಂ. ಸೋಮಯ್ಯ 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. ಅವರ ಫೋಟೋ ಗೋಡೆ ಮೇಲೆ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಗೆಳೆಯ ಮರೆತ ಒಂದು ಸಂಗತಿ ಇದೆ. ಸೋಲ್‌ನಲ್ಲಿ ಸೋಮಯ್ಯ ಕ್ಯಾಪ್ಟನ್ ಆಗಿದ್ದಾಗ ಆ ತಂಡದ ಕೋಚ್ ಗಣೇಶ್! ಕೊಡಗಿನ ಒಬ್ಬ ನಾಯಕ, ಕೊಡಗಿನ ಇನ್ನೊಬ್ಬ ನಾಯಕನ ಹೆಗಲ ಹಿಂದೆ ನಿಂತಿದ್ದರು. ಆಮೇಲೂ ಗಣೇಶ್ ಹಾಕಿಯನ್ನು ಬಿಡಲಿಲ್ಲ. 1990ರ ವಿಶ್ವಕಪ್‌ಗೂ ತಂಡ ಸಜ್ಜು ಮಾಡಿದರು. 1973ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು. ಪದ್ಮಶ್ರೀ ಬಂದದ್ದು 2020ರಲ್ಲಿ. ನಡುವೆ 47 ವರ್ಷ.

ಆ 47 ವರ್ಷ ನನ್ನನ್ನು ಚುಚ್ಚುತ್ತದೆ. ಈಗೀಗ ನಮ್ಮ ಹಾಕಿ ತನ್ನವರನ್ನು ಬೇಗ ಗೌರವಿಸಲು ಕಲಿತಿದೆ. 2024ರಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಅವರ 16ನೇ ನಂಬರಿನ ಜೆರ್ಸಿಯನ್ನು, ರಾಣಿ ರಾಂಪಾಲ್ ಅವರ 28ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರೂ ತೊಡಬಾರದು ಅಂತ ತೆಗೆದಿಟ್ಟರು. ರಾಣಿ ನಾಯಕಿಯಾಗಿದ್ದ ಮಹಿಳಾ ತಂಡ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಪದಕ ಬರಲಿಲ್ಲ. ಆದರೂ ಆ ಹುಡುಗಿಯರು ಮಾಡಿದ್ದು ಎಷ್ಟು ದೊಡ್ಡದು ಅಂತ ಇಡೀ ದೇಶ ಒಪ್ಪಿತು. ಅದು ನನಗೆ ತುಂಬಾ ಸಂತೋಷ ಕೊಟ್ಟ ವಿಷಯ. ರಾಣಿಗೆ ಹಿಡಿದ ಆ ಅಳತೆಯನ್ನೇ ಗಣೇಶ್‌ಗೂ ಹಿಡಿಯಿರಿ ಅಂತಷ್ಟೇ ನಾನು ಕೇಳುವುದು.

ಮೊನ್ನೆ ಭಾನುವಾರ ಅದೇ ಹೋಟೆಲಿನಲ್ಲಿ ಮತ್ತೆ ಸೇರಿದೆವು. ಇದನ್ನೆಲ್ಲ ಹೇಳಿದೆ. ಗೆಳೆಯ ಬಹಳ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಕೇಳಿದ: "ಸರಿ, ಫೋಟೋ ಹಾಕೋಣ. ಕೆಳಗೆ ಏನಂತ ಬರೆಸ್ತೀಯಾ? ರನ್ನರ್ ಅಪ್ ಅಂತಲಾ?"

ನಾನು ಹೇಳಿದೆ: ಹೆಸರು ಬರೆಸೋಣ, ಊರು ಕೊಡಗು ಅಂತ ಬರೆಸೋಣ, ವರ್ಷ ಬರೆಸೋಣ. ಅದರ ಕೆಳಗೆ ಎರಡು ಸ್ಕೋರು. ಪಾಕಿಸ್ತಾನದ ಎದುರು 1-0. ನೆದರ್ಲೆಂಡ್ಸ್ ಎದುರು 2-2.

ನಮಸ್ಕಾರ.