ತಾಲೂಕಿಗೆ ಒಬ್ಬರು ಅಧಿಕಾರಿ, ಅದೊಂದೇ ಕೆಲಸಕ್ಕೆ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, "ಮೇಡಂ, ಕಾನೂನೆಲ್ಲಾ ಹೆಂಗಸರ ಪರವಾಗಿಯೇ ಇದೆ, ಇನ್ನೇನು ಬೇಕು ನಿಮಗೆ?" ಅಂತ. ನಾಲ್ಕು ದಿನದಿಂದ ಈ ಮಾತು ತಲೆ ಕೊರೆಯುತ್ತಿದೆ.

ಏನು ಬೇಕು ಅಂತ ಹೇಳುತ್ತೇನೆ, ಕೇಳಿ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರ ಕಷ್ಟ ಕೇಳಲು ಒಬ್ಬರು ಅಧಿಕಾರಿ ಬೇಕು. ತಾಲೂಕಿಗೆ ಒಬ್ಬರು. ಅದೊಂದೇ ಕೆಲಸಕ್ಕೆ.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂದಿದ್ದು 2005ರಲ್ಲಿ, ಜಾರಿಯಾಗಿದ್ದು 2006ರ ಅಕ್ಟೋಬರ್‌ನಲ್ಲಿ. ಹೊಡೆಸಿಕೊಂಡ ಹೆಂಗಸು ನೇರ ಪೊಲೀಸ್ ಠಾಣೆಗೇ ಹೋಗಬೇಕಿಲ್ಲ, ಸಂರಕ್ಷಣಾಧಿಕಾರಿ ಹತ್ತಿರ ಹೋಗಬಹುದು. ಅವರು ನಡೆದಿದ್ದನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟ್‌ಗೆ ವರದಿ ಕಳಿಸಬೇಕು. ಆಸ್ಪತ್ರೆ, ಉಚಿತ ವಕೀಲರು, ಉಳಿದುಕೊಳ್ಳಲು ಜಾಗ, ಎಲ್ಲಕ್ಕೂ ದಾರಿ ಮಾಡಿಕೊಡಬೇಕು. ಕೋರ್ಟ್ ನೋಟಿಸನ್ನು ಗಂಡನ ಮನೆಗೆ 2 ದಿನದೊಳಗೆ ಮುಟ್ಟಿಸಬೇಕು. ಅರ್ಜಿ ಬಂದ 3 ದಿನದಲ್ಲಿ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನ ಮಾಡಬೇಕು ಅಂತಲೂ ಕಾಯ್ದೆಯಲ್ಲೇ ಇದೆ. ಒಳ್ಳೆಯ ಕಾನೂನು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಇಡೀ ಗಾಡಿ ಎಳೆಯಬೇಕಾದವರು ಆ ಒಬ್ಬ ಅಧಿಕಾರಿ, ಅಲ್ವಾ?

ನಮ್ಮ ತಾಲೂಕುಗಳಲ್ಲಿ ಆ ಅಧಿಕಾರಿ ಯಾರು? ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವವರೂ ಅವರೇ, ಮೊಟ್ಟೆ, ಪೌಷ್ಟಿಕ ಆಹಾರ, ಬಾಲ್ಯವಿವಾಹ ತಡೆಯುವುದು, ಗೃಹಲಕ್ಷ್ಮಿ ಹಣ ಬರಲಿಲ್ಲ ಅಂತ ಬರುವವರ ಸಾಲು, ಎಲ್ಲಾ ಅವರದೇ. ಇದರ ಮೇಲೆ ಇದೊಂದು ಹೆಚ್ಚುವರಿ ಜವಾಬ್ದಾರಿ.

ನಮ್ಮ ಸಂಬಂಧದ ಒಬ್ಬ ಹುಡುಗಿಯನ್ನು ಇಂಥ ಒಂದು ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಊರು ಬೇಡ. ಬಲಗೈ ಮಣಿಕಟ್ಟು ಊದಿಕೊಂಡು ಬಳೆ ಆಚೆಗೂ ಹೋಗುತ್ತಿರಲಿಲ್ಲ, ಈಚೆಗೂ ಬರುತ್ತಿರಲಿಲ್ಲ. ಅದರ ಮೇಲೆ ಸೆರಗು ಹೊದ್ದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆ ಹತ್ತೂವರೆಗೆ ಹೋದವರು ನಾವು, ಮೇಡಂ ಬಂದಿದ್ದು ಮೂರು ಗಂಟೆಗೆ, ಯಾವುದೋ ಅಂಗನವಾಡಿಗೆ ಹೋಗಿದ್ದರಂತೆ. ಒಳ್ಳೆಯವರೇ. ನೀರು ಕೊಟ್ಟರು, ಫಾರಂ ತೆಗೆದರು. ಎರಡು ಸಾಲು ಬರೆಯುವಷ್ಟರಲ್ಲಿ ಫೋನು, ಎಲ್ಲೋ ಮೊಟ್ಟೆ ಬಂದಿಲ್ಲ ಅಂತ. ಇನ್ನೆರಡು ಸಾಲು, ಮತ್ತೆ ಫೋನು. ಕೊನೆಗೆ ನಾಳೆ ಜಿಲ್ಲೆಯಲ್ಲಿ ಮೀಟಿಂಗ್ ಇದೆ, ಸೋಮವಾರ ಬನ್ನಿ ಅಂದರು. ಹೊರಗೆ ಬಂದ ಮೇಲೆ ಹುಡುಗಿ ನನ್ನನ್ನು ಕೇಳಿದಳು, "ಅಕ್ಕಾ, ಸೋಮವಾರದ ತನಕ ನಾನು ಎಲ್ಲಿರಲಿ?"

ಹೇಳಿ, ಕಾನೂನು ಹೆಂಗಸರ ಪರ ಇದೆ ಅಂದವರೇ, ಎಲ್ಲಿರಬೇಕಿತ್ತು ಅವಳು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ಶೇ. 44.4. ದೇಶದಲ್ಲೇ ಜಾಸ್ತಿ ನಮ್ಮಲ್ಲಿ! ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 20.6 ಇತ್ತು. ಇಷ್ಟು ಜನ ಹೆಂಗಸರಿಗೆ ನಾವು ಕೊಟ್ಟಿರುವುದು ಮೊಟ್ಟೆ ಲೆಕ್ಕದ ಮಧ್ಯೆ ಬರೆದ ನಾಲ್ಕು ಸಾಲು. ತಾಲೂಕಿಗೆ ಒಬ್ಬರು ಕೊಡಿ, ಅದೊಂದೇ ಕೆಲಸಕ್ಕೆ ಕೊಡಿ!

ಈಗ ಬರುತ್ತೆ ನೋಡಿ, "ಸುಳ್ಳು ಕೇಸು ಹಾಕುತ್ತಾರೆ". ಹಾಗಾದರೆ ಈ ಅಧಿಕಾರಿ ಬೇಕು ಅಂತ ನನಗಿಂತ ಮೊದಲು ನೀವು ಕೇಳಬೇಕು. ಮನೆಗೆ ಹೋಗಿ, ಅಕ್ಕಪಕ್ಕದವರನ್ನು ವಿಚಾರಿಸಿ, ಸಮಾಧಾನವಾಗಿ ಬರೆಯುವ ಒಬ್ಬರಿದ್ದರೆ ಸುಳ್ಳು ಯಾವುದು ನಿಜ ಯಾವುದು ಅಲ್ಲೇ ಗೊತ್ತಾಗುತ್ತೆ. ಇನ್ನು ದುಡ್ಡಿಲ್ಲ ಅನ್ನುವವರು. ರಾಜ್ಯದಲ್ಲಿ ಇರುವುದು ಇನ್ನೂರ ಚಿಲ್ಲರೆ ತಾಲೂಕು. ಇನ್ನೂರ ಚಿಲ್ಲರೆ ಸಂಬಳ! ಸುಪ್ರೀಂ ಕೋರ್ಟ್ ಕೂಡ 2025ರ ಮೇ ತಿಂಗಳಲ್ಲಿ, ಜಿಲ್ಲೆ ಮತ್ತು ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಿ ಅಂತ ರಾಜ್ಯಗಳಿಗೆ ಹೇಳಬೇಕಾಯಿತು, ಕಾನೂನು ಬಂದು ಇಪ್ಪತ್ತು ವರ್ಷವಾದ ಮೇಲೆ. ಆದರೆ ಇರುವವರ ಹೆಸರಿನ ಮುಂದೆ ಇನ್ನೊಂದು ಹುದ್ದೆ ಬರೆದರೆ ಸಾಲದು.

ಮತ್ತೆ ಹಿರಿಯರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತೆ. ಬಲಗೈ ಊದಿಸಿಕೊಂಡವಳು ಉಣ್ಣುವುದಾದರೂ ಹೇಗೆ ಸ್ವಾಮಿ? ಈ ಗಾದೆ ಹೇಳಿ ಹೇಳಿ ಎಷ್ಟು ಜನರನ್ನು ವಾಪಸ್ ಅದೇ ಮನೆಗೆ ಕಳಿಸಿದ್ದೀರಿ? ನನಗೆ ಕೋಪ ಬರುತ್ತೆ, ಬರಲಿ. ಗಲ್ಲಿಗೆ ಹಾಕಿ, ಎನ್‌ಕೌಂಟರ್ ಮಾಡಿ ಅಂತ ಬರೆಯುವವರಿಗೂ ಒಂದು ಮಾತು ಹೇಳುತ್ತೇನೆ. ಅದೆಲ್ಲಾ ಅವಳು ಸತ್ತ ಮೇಲಿನ ಮಾತು. ನನಗೆ ಬೇಕಿರುವುದು ಗುರುವಾರ ಬಂದವಳಿಗೆ ಗುರುವಾರವೇ ಸಿಗುವ ಒಬ್ಬರು. ಒಬ್ಬರು! ತಾಲೂಕಿಗೆ!

ಈ ಶನಿವಾರ ಲೈವ್ ಬರುತ್ತೇನೆ, ಜೊತೆಗೆ ಒಬ್ಬ ವಕೀಲರೂ ಇರುತ್ತಾರೆ, ಆ ಫಾರಂ ಹೇಗೆ ತುಂಬುವುದು ಅಂತ ಸಾಲು ಸಾಲಾಗಿ ತೋರಿಸುತ್ತಾರೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ನಿಮ್ಮ ಅಕ್ಕತಂಗಿಯರಿಗೆ ಕಳಿಸಿ. ಈಗಲೇ ತೊಂದರೆಯಲ್ಲಿ ಇರುವವರು 181ಕ್ಕೆ ಫೋನ್ ಮಾಡಿ, ಜೀವಕ್ಕೆ ಅಪಾಯ ಇದ್ದರೆ 112.

ಮತ್ತೆ ಒಂದು ಕೆಲಸ ಮಾಡಿ. ನಾಳೆ ನಿಮ್ಮ ತಾಲೂಕಿನ ಸಿಡಿಪಿಒ ಆಫೀಸಿಗೆ ಫೋನ್ ಮಾಡಿ, ಇಲ್ಲಿ ಸಂರಕ್ಷಣಾಧಿಕಾರಿ ಯಾರು, ಅವರಿಗೆ ಬೇರೆ ಏನೇನು ಕೆಲಸ ಇದೆ, ಇವತ್ತು ಬಂದರೆ ಸಿಗುತ್ತಾರಾ ಅಂತ ಕೇಳಿ. ಏನು ಹೇಳಿದರು ಅಂತ ತಾಲೂಕಿನ ಹೆಸರಿನ ಜೊತೆ ಕಾಮೆಂಟಲ್ಲಿ ಬರೆಯಿರಿ. ಒಂದೊಂದನ್ನೂ ನಾನು ಓದುತ್ತೇನೆ.